ಪೆಟ್ಟಿಗೆಯ ಕೆಳಗಿನ ಚಕ್ರ

ಒಮ್ಮೆ ಎತ್ತಿದ ಶವಪೆಟ್ಟಿಗೆ ಗೋರಿ ಸೇರುವವರೆಗೂ ನೆಲ ಮುಟ್ಟಕೂಡದು. ಮೂವತ್ತೊಂದು ವರ್ಷಗಳಿಂದ ಶವಸಂಸ್ಕಾರದ ಕೆಲಸ ಮಾಡುತ್ತಿದ್ದ ಆಲ್ವಿನ್ ಪ್ಯಾಸ್ಕೋ ಈ ನಿಯಮವನ್ನು ಒಂದು ಸಲವೂ ಮುರಿದಿರಲಿಲ್ಲ. ಸತ್ತವನು ತನಗಾದ ಅಗೌರವವನ್ನು ಪ್ರತಿಭಟಿಸಲಾರ. ಆದ್ದರಿಂದಲೇ ಅವನ ವಿಷಯದಲ್ಲಿ ಕೊಟ್ಟ ಮಾತನ್ನು ಇನ್ನಷ್ಟು ಬಿಗಿಯಾಗಿ ನಡೆಸಿಕೊಡಬೇಕು ಎಂಬುದು ಅವನ ನಂಬಿಕೆ. ಅಂದು ಬೆಳಗ್ಗೆ ಹೊರಡುವಾಗಲೂ ಸತ್ತ ಕ್ಲೆಮ್‌ನ ಹೆಂಡತಿ ಊನಾ ಹಾರ್ಕ್ನೆಸ್‌ಗೆ ಅದನ್ನೇ ಹೇಳಿದ್ದ: "ಕ್ಲೆಮ್‌ನ ಎಲ್ಲೂ ನೆಲಕ್ಕೆ ಇಳಿಸಲ್ಲ, ಊನಾ. ಇದು ನನ್ನ ಮಾತು."

ಹನ್ನೊಂದೂವರೆಯ ಹೊತ್ತಿಗೆ, ಮರೀ ಊರಿನಿಂದ ಉತ್ತರಕ್ಕೆ ನೂರಿಪ್ಪತ್ತು ಕಿಲೋಮೀಟರು ಕಳೆದ ಕಲ್ಲುಬಯಲಿನಲ್ಲಿ, ಹಿಂದಿನ ಎಡ ಟೈರು ಹರಿದು, ಪೆಟ್ಟಿಗೆ ಹೊತ್ತ ಅವನ ಟ್ರಕ್ಕು ಒಂದು ಮಗ್ಗುಲಿಗೆ ವಾಲಿ ನಿಂತಿತು.

ಆಲ್ವಿನ್ ಇಳಿದು ನೋಡಿದ. ಪಕ್ಕದ ಸೀಟಿನಲ್ಲಿದ್ದ ಊನಾಳೂ ಇಳಿದಳು. ತೂತು ನೆಲ ತುಳಿಯುವ ಭಾಗದಲ್ಲಿದ್ದರೆ ರಬ್ಬರಿನ ಬತ್ತಿ ತುರುಕಿ ಮುಚ್ಚಬಹುದಿತ್ತು. ಹರಿದದ್ದು ಟೈರಿನ ಪಕ್ಕ. ನಾಲ್ಕು ಬೆರಳು ಹೋಗುವಷ್ಟು ಸೀಳು. ಚಕ್ರವನ್ನೇ ಬದಲಿಸಬೇಕು. ಬದಲಿ ಚಕ್ರವೋ, ಕ್ಲೆಮ್‌ನ ಪೆಟ್ಟಿಗೆಯ ಅಡಿಯಲ್ಲಿತ್ತು!

ತಪ್ಪನ್ನು ಮೆಕ್ಯಾನಿಕ್ಕನ ತಲೆಗೆ ಕಟ್ಟುವುದು ಸುಲಭ. ಚಳಿಗಾಲದಲ್ಲಿ ಟ್ರಕ್ಕನ್ನು ನಾಲ್ಕು ಇಂಚು ಎತ್ತರಿಸಿ, ದೊಡ್ಡ ಟೈರುಗಳನ್ನು ಹಾಕಿದವನು ಅವನೇ. ಆ ಗಾತ್ರದ ಬದಲಿ ಚಕ್ರ ಗಾಡಿಯ ಹೊಟ್ಟೆಯಡಿಯ ಹಳೆಯ ಜಾಗದಲ್ಲಿ ಹಿಡಿಸಲಿಲ್ಲ. ಅವನು ಅದನ್ನು ಹಿಂಬದಿಯ ಸಾಮಾನು ಹೇರುವ ತೊಟ್ಟಿಯಲ್ಲಿ ಮಲಗಿಸಿ ಬೋಲ್ಟು ಬಿಗಿದು, ಮೇಲೆ ಹಲಗೆ ಹಾಸಿ, ಪೆಟ್ಟಿಗೆ ಇಡಲು ಸಮತಟ್ಟಾದ ಪೀಠ ಮಾಡಿಕೊಟ್ಟ. ಆದರೆ ಆ ಪೀಠವನ್ನು ಕಂಡು ಹಿಗ್ಗಿದವನು ಯಾರು? ಎತ್ತರದ ಟ್ರಕ್ಕು ಗಂಭೀರವಾಗಿ ಕಾಣುತ್ತದೆಂದು ಎರಡು ಬಾರಿ ಸುತ್ತು ಹಾಕಿ ನೋಡಿದವನು ಯಾರು? ಪೆಟ್ಟಿಗೆ ಮೇಲಿರುವಾಗ ಚಕ್ರವನ್ನು ತೆಗೆಯುವುದು ಹೇಗೆಂದು, ಶಾಲೆಯ ಮಗು ಕೇಳುವ ಪ್ರಶ್ನೆಯನ್ನು, ಆಲ್ವಿನ್ ಕೇಳಿರಲಿಲ್ಲ. ಅಂದವನ್ನು ನೋಡಿ ಉಪಯೋಗವನ್ನು ಮರೆಯುವುದು ಬರಿಯ ಅಲಕ್ಷ್ಯವಲ್ಲ, ಅದು ಅಹಂಕಾರ.

ವಿಲ್ಲಾರಿ ದನದ ಫಾರಂ ಇನ್ನೂ ತೊಂಬತ್ತು ಕಿಲೋಮೀಟರು. ಅಲ್ಲಿ ಮೂರು ಗಂಟೆಗೆ ಮಣ್ಣು. ಪಾದ್ರಿ ಪುಟ್ಟ ವಿಮಾನದಲ್ಲಿ ಬಂದು ಕಾಯುತ್ತಿದ್ದರು. ಅವರ ಊರಿನ ಓಡುದಾರಿಯಲ್ಲಿ ದೀಪಗಳಿಲ್ಲದ್ದರಿಂದ, ಕತ್ತಲಾಗುವ ಮುನ್ನ ಅಲ್ಲಿ ಇಳಿಯಲು ನಾಲ್ಕಕ್ಕೆಲ್ಲ ಹಾರಲೇಬೇಕು. ಮತ್ತೆ ಬರುವುದು ಮೂರು ವಾರದ ನಂತರ.

"ನಾವಿಬ್ರೇ ಇಳಿಸೋಕಾಗಲ್ವಾ?" ಊನಾ ಕೇಳಿದಳು. ಅವಳಿಗೆ ಎಪ್ಪತ್ತೆರಡು, ತೊಟ್ಟಿಯ ಅಂಚು ಅವಳ ಹೆಗಲ ಮಟ್ಟಕ್ಕಿತ್ತು.

"ಇಳಿಸೋ ಮಾತೇ ಇಲ್ಲ," ಎಂದ ಆಲ್ವಿನ್.

ಡೇರೆ ಹೇರಿಕೊಂಡ ಬಿಳಿಯ ಕಾರೊಂದು ಬಂತು. ಒಳಗಿದ್ದವರು ಕೈಬೀಸಿ, ಧೂಳೆಬ್ಬಿಸಿ, ಹಾಗೆಯೇ ಹೋದರು. ಕೆಟ್ಟು ನಿಂತ ಗಾಡಿಯ ಬಳಿ ವೇಗ ತಗ್ಗಿಸಿ "ಸರಿ ಇದೀರಾ" ಎಂದಾದರೂ ಕೇಳದವರಿಗೆ ಈ ದಾರಿಯಲ್ಲಿ ಬರಲು ಏನು ಹಕ್ಕು?

ಮುಕ್ಕಾಲು ಗಂಟೆಯ ಬಳಿಕ ದನ ತುಂಬಿದ ಲಾರಿಯೊಂದು ಬಂದು ನಿಂತಿತು. ಚಾಲಕ ಟಾಲಿ ಮತ್ತು ಅವನ ಇಬ್ಬರು ದನಗಾಹಿಗಳು ಇಳಿದರು.

"ಏನ್ ಗುರೂ, ಇದನ್ನ ಹತ್ತೋಕೆ ಏಣಿ ತಂದಿಲ್ವಾ?" ಎಂದ ಟಾಲಿ. ಪೆಟ್ಟಿಗೆ ಕಂಡೊಡನೆ ಟೋಪಿ ತೆಗೆದ. "ಕ್ಷಮಿಸಿ. ಯಾರು?"

"ಕ್ಲೆಮ್ ಹಾರ್ಕ್ನೆಸ್."

"ಅಂಚೆ ಲಾರಿ ಕ್ಲೆಮ್ಮಾ? ಅಯ್ಯೋ ದೇವ್ರೇ. ನಮ್ಮಮ್ಮನ ಹೊಲಿಗೆ ಮಿಷನ್ನು ತಂದುಕೊಟ್ಟಿದ್ದು ಅವನೇ ಕಣಯ್ಯ."

ಲಾರಿಯಲ್ಲಿ ಎರಡು ಅಂತಸ್ತಿಗೂ ದನಗಳಿದ್ದವು, ಪೆಟ್ಟಿಗೆಗೆ ಜಾಗವಿರಲಿಲ್ಲ. ಆಲ್ವಿನ್ ತನ್ನ ಉಪಾಯ ಹೇಳಿದ: "ನೀವು ಮೂವರೂ ಹೆಗಲ ಮೇಲೆ ಹೊತ್ತು ನಿಂತಿರಿ. ನಾನು ಚಕ್ರ ತೆಗೆದು ಹಾಕ್ತೀನಿ. ಅರ್ಧ ಗಂಟೆ ಅಷ್ಟೆ."

"ಈ ಬಿಸಿಲಲ್ಲಿ ಅರ್ಧ ಗಂಟೆನಾ? ಆಮೇಲೆ ಇನ್ನೂ ಮೂರು ಪೆಟ್ಟಿಗೆ ಬೇಕಾಗ್ತವೆ!"

"ಆಲ್ವಿನ್, ಸಾಕು ಮಾಡು," ಎಂದಳು ಊನಾ. "ನಲವತ್ತು ವರ್ಷ ಈ ದಾರೀಲಿ ಅಂಚೆ ಸಾಗಿಸಿದ. ಅದ್ರಲ್ಲಿ ಅರ್ಧ ಕಾಲ ಲಾರಿ ಕೆಳಗೆ ಅಂಗಾತ ಬಿದ್ಕೊಂಡಿದ್ದ. ಅವನಿಗೇನು ಈ ನೆಲ ಹೊಸದಾ?"

"ನಾನು ಮಾತು ಕೊಟ್ಟಿದ್ದೆ, ಊನಾ."

"ನೀನು ಕೊಟ್ಟೆ. ನಾನು ಕೇಳಿದ್ನಾ?"

ಅಷ್ಟು ವರ್ಷಗಳಲ್ಲಿ ಆಲ್ವಿನ್ ಎಷ್ಟೋ ಮನೆಯವರ ಮುಂದೆ ಆ ಮಾತನ್ನು ಹೆಮ್ಮೆಯಿಂದ ಆಡಿದ್ದ. ಅದು ಅವರಿಗೆ ಬೇಕೇ ಎಂದು ಒಬ್ಬರನ್ನಾದರೂ ಕೇಳಿರಲಿಲ್ಲ. ಗೌರವ ಯಾರಿಗೆ ಸಲ್ಲಬೇಕೋ ಅವರನ್ನೇ ಕೇಳದೆ ಕಟ್ಟಿದ ನಿಯಮ, ಕಟ್ಟಿದವನ ಅಲಂಕಾರವಾಗಿಯಷ್ಟೇ ಉಳಿಯುತ್ತದೆ.

ಊನಾ ಆಗಲೇ ಟ್ರಕ್ಕಿನ ನೆರಳಿನಾಚೆ ಕಲ್ಲುಗಳನ್ನು ಕಾಲಿನಿಂದ ಸರಿಸುತ್ತಿದ್ದಳು. ಆಲ್ವಿನ್ ಓಡಿ ಹೋಗಿ ಕ್ಯಾನ್ವಾಸು ತಂದು ಹಾಸಿದ. ನಾಲ್ವರು ಸೇರಿ ಕ್ಲೆಮ್‌ನನ್ನು ಸದ್ದಿಲ್ಲದೆ ಇಳಿಸಿದರು. ಊನಾ ನೀರಿನ ಡಬ್ಬವನ್ನು ಮಗುಚಿ ಅವನ ಪಕ್ಕದಲ್ಲೇ ಕುಳಿತು, ತನ್ನ ಟೋಪಿಯನ್ನು ಮುಚ್ಚಳದ ಮೇಲಿಟ್ಟಳು.

ಗಾಡಿ ಎತ್ತುವ ಜಾಕಿನದು ಬೇರೆಯೇ ಕಥೆ. ಅದು ಹಳೆಯ ಎತ್ತರಕ್ಕೆ ಮಾಡಿದ್ದು. ಕೊನೆಯವರೆಗೂ ಎತ್ತಿದರೂ ಗಾಡಿಯ ಮೈ ಮಾತ್ರ ಮೇಲೇರಿತು. ಸ್ಪ್ರಿಂಗು ಉದ್ದವಾಗಿ, ಚಕ್ರ ನೆಲಕ್ಕೆ ಅಂಟಿಕೊಂಡೇ ಇತ್ತು.

"ಅಯ್ಯೋ, ಮೈ ಎತ್ತಿದ್ರೆ ಏನ್ ಬಂತು?" ಊನಾ ಕುಳಿತಲ್ಲಿಂದಲೇ ಗದರಿದಳು. "ಉಳಿದ ಚಕ್ರಗಳಿಗೆ ಕಲ್ಲು ಕೊಡಿ. ಜಾಕು ಅಚ್ಚಿನ ಕೆಳಗಿಟ್ಟು ಎಷ್ಟಾಗತ್ತೋ ಅಷ್ಟು ಎತ್ತಿ, ಪಕ್ಕದಲ್ಲಿ ಆಸರೆಗೆ ಹಲಗೆ ಪೇರಿಸಿ. ಆಮೇಲೆ ಟೈರಿನ ಅಡಿ ಅಗೀರಿ. ಕ್ಲೆಮ್ ಹಂಗೇ ಮಾಡ್ತಿದ್ದ."

ಟಾಲಿ ಹಾರೆ ತಂದ. ಗಟ್ಟಿ ನೆಲ ಚೂರುಚೂರಾಗಿ ಎದ್ದಿತು. ಚಕ್ರ ತಿರುಗತೊಡಗಿದಾಗ ಅವನು ನಿಲ್ಲಿಸಿದ.

"ನಿಲ್ಲಿಸ್ಬೇಡ್ವೋ! ಹೊಸದರಲ್ಲಿ ಗಾಳಿ ತುಂಬಿರತ್ತೆ, ಇಷ್ಟು ಗುಂಡೀಲಿ ಹಿಡಿಸಲ್ಲ. ಇನ್ನೊಂದು ಗೇಣು ಅಗಿ."

"ಅಜ್ಜೀ, ನೀವು ನಮ್ ಲಾರಿಗೆ ಬಂದ್ಬಿಡಿ. ಈ ಇಬ್ರನ್ನೂ ಇಲ್ಲೇ ಬಿಟ್ಟೋಗ್ತೀನಿ."

"ನನ್ನ ಸಂಬಳ ನಿನ್ ಕೈಲಿ ಕೊಡೋಕಾಗಲ್ಲಪ್ಪ," ಎಂದಳು ಊನಾ. ಬೆಳಗ್ಗಿನಿಂದ ಮೊದಲ ಬಾರಿಗೆ ನಕ್ಕಳು.

ಚಕ್ರ ಕೂತಿತು. ಹರಿದದ್ದನ್ನು ಈ ಬಾರಿ ಹಲಗೆಯಡಿ ಅಡಗಿಸದೆ ಹಿಂಬದಿಯ ಹೊರಗೆ ಕಟ್ಟಿದರು. ಗುಂಡಿಗೆ ಕಲ್ಲು ತುಂಬಿ, ಕ್ಲೆಮ್‌ನನ್ನು ಮೇಲಕ್ಕೇರಿಸಿ, ಟ್ರಕ್ಕು ಮುಂದಕ್ಕೆ ಸರಿದಾಗ ಆಲ್ವಿನ್‌ನ ಎದೆಯಿಂದ ಹೊರಬಿದ್ದ ಉಸಿರು ಊನಾಳಿಗೂ ಕೇಳಿಸಿತು.

ಮೂರಕ್ಕೆ ಹತ್ತು ನಿಮಿಷವಿದ್ದಾಗ ವಿಲ್ಲಾರಿಯ ಗೇಟು ಕಂಡಿತು. ಆಚೆ ಬಯಲಿನಲ್ಲಿ ವಿಮಾನ ಇನ್ನೂ ನಿಂತಿತ್ತು. ಪಾದ್ರಿ ಎದುರು ಬಂದರು. ಆಲ್ವಿನ್ ನೆಟ್ಟಗೆ ನಿಂತು, ತಪ್ಪೊಪ್ಪಿಕೊಳ್ಳುವವನಂತೆ ಹೇಳಿದ: "ಫಾದರ್, ದಾರೀಲಿ ಅವರನ್ನ ನೆಲಕ್ಕೆ ಇಳಿಸಬೇಕಾಯ್ತು."

"ಟೈರು ಹೋಯ್ತು, ಫಾದರ್," ಎಂದಳು ಊನಾ, ಪೆಟ್ಟಿಗೆಯ ಮೇಲಿನ ಧೂಳನ್ನು ಅಂಗೈಯಿಂದ ಸವರುತ್ತ. "ನಾವು ಬದಲಾಯಿಸೋವರೆಗೂ ಕ್ಲೆಮ್ ಪಕ್ಕದಲ್ಲಿ ಕಾಯ್ತಿದ್ದ. ಈ ಸಲ ಕೆಲಸ ಪೂರಾ ನಮ್ಮದೇ."