ಓರಗಿತ್ತಿಯ ಬೆಕ್ಕಿಗೊಂದು ಈಡುಗಾಯಿ

ಹಿನಕಲ್‌ನ ಆ ಮನೆಯಲ್ಲಿ ಮಹಡಿಯ ಮೇಲೆ ಹಿರಿಸೊಸೆ ಶಾಲಿನಿ, ಕೆಳಗೆ ಕಿರಿಸೊಸೆ ಯಶೋಧಾ. ಒಂದೇ ಸೂಲಿನ ಎರಡು ಪರ್ಷಿಯನ್ ಬೆಕ್ಕಿನ ಮರಿ ಮನೆಗೆ ಬಂದ ದಿನ, ಹಿರಿಯಳು ಮೊದಲು ಆರಿಸಲಿ ಎಂದರು ಅತ್ತೆ. ಶಾಲಿನಿ ಹಾಲುಬಿಳುಪಿನ ಗಂಡುಮರಿ ಎತ್ತಿಕೊಂಡು ಮುತ್ತು ಎಂದು ಹೆಸರಿಟ್ಟಳು. ಉಳಿದ ಬೂದುಬಣ್ಣದ ಹೆಣ್ಣುಮರಿ ಚಿನ್ನಿ ಯಶೋಧಾಳ ಪಾಲಿಗೆ ಬಂತು. ಸೀರೆಯಲ್ಲೂ ಹೀಗೇ, ಒಡವೆಯಲ್ಲೂ ಹೀಗೇ, ಈಗ ಬೆಕ್ಕಿನಲ್ಲೂ!

ಬಂದ ನೆಂಟರೆಲ್ಲ ಮೆಟ್ಟಿಲು ಹತ್ತಿ ಮುತ್ತುವನ್ನು ಹೊಗಳಿ ಹೋಗುತ್ತಿದ್ದರು. ಚಿನ್ನಿಯತ್ತ ಯಾರೂ ಕಣ್ಣು ಹಾಯಿಸುತ್ತಿರಲಿಲ್ಲ. ಕಾಲಿಗೆ ತಲೆ ಉಜ್ಜುವ ಚಿನ್ನಿಯೆಂದರೆ ಯಶೋಧಾಳಿಗೆ ಪ್ರಾಣ, ಆದರೂ ಹೊಟ್ಟೆ ಉರಿಯುತ್ತಿತ್ತು.

ಮುತ್ತುವಿಗೆ ಜೋಡಿ ಹುಡುಕಲು ಹೊರಟಾಗ ಡಾಕ್ಟರು ತಡೆದರು. ಈ ಜಾತಿಯಲ್ಲಿ ವಂಶದಿಂದ ಬರುವ ಕಿಡ್ನಿ ಕಾಯಿಲೆಯುಂಟು, ಕಿಡ್ನಿಯಲ್ಲಿ ನೀರುಗುಳ್ಳೆಗಳು ಏಳುತ್ತವೆ, ಗುಣವಾಗುವುದಿಲ್ಲ. ಮೊದಲು ಜೀನ್ ಪರೀಕ್ಷೆಯಾಗಲಿ ಎಂದು ಅವನ ಕೆನ್ನೆಯೊಳಗೆ ಹತ್ತಿಕಡ್ಡಿ ಆಡಿಸಿ ಲ್ಯಾಬಿಗೆ ಕಳಿಸಿದರು. ಸುದ್ದಿ ಕೇಳಿದ್ದೇ ಯಶೋಧಾ ಬೀದಿ ಕೊನೆಯ ಗಣಪನ ಗುಡಿಗೆ ಓಡಿದಳು.

"ಅವಳ ಬೆಕ್ಕಿಗೆ ಆ ಕಾಯ್ಲೆ ಇರ್ಲಿ ಕಣಪ್ಪ, ಈಡುಗಾಯಿ ಹೊಡೀತೀನಿ."

ಗಣಪ ಕೇಳಿಸಿಕೊಂಡ. ಕಾಯಿಲೆ ಇದೆಯೆಂದು ತಿಳಿದು ಶಾಲಿನಿ ಬಾಗಿಲು ಹಾಕಿಕೊಂಡು ಅತ್ತ ಸಂಜೆಯೇ ಯಶೋಧಾ ಗುಡಿಯ ಮುಂದೆ ತೆಂಗಿನಕಾಯಿ ಅಪ್ಪಳಿಸಿದಳು. ಕಾಯಿ ಚೂರುಚೂರಾಯಿತು. ಸುಳ್ಳೇಕೆ, ಎದೆ ಹಗುರಾಯಿತು.

ಮನೆಗೆ ಬಂದರೆ ಶಾಲಿನಿ ಕೆಳಗೇ ಕೂತಿದ್ದಳು, ಚಿನ್ನಿಯನ್ನು ಮಡಿಲಲ್ಲಿಟ್ಟುಕೊಂಡು. ಕಣ್ಣು ಊದಿತ್ತು.

"ಡಾಕ್ಟ್ರು ಇವಳನ್ನೂ ಕರ್ಕೊಂಡ್ ಬನ್ನಿ ಅಂದ್ರು ಕಣೇ. ಅಪ್ಪನಿಂದ್ಲೋ ಅಮ್ಮನಿಂದ್ಲೋ ಬಂದಿರೋ ಕಾಯ್ಲೆ. ಒಂದೇ ಸೂಲಿನ ಮರಿಗಳಲ್ವಾ, ಇವಳಿಗೂ ಇರಬೋದಂತೆ."

ಒಂದೇ ಸೂಲು! ಹೊಟ್ಟೆಕಿಚ್ಚಿನಲ್ಲಿ ಅದೊಂದು ಯಶೋಧಾಳಿಗೆ ಹೊಳೆದೇ ಇರಲಿಲ್ಲ.

"ಹೆದರ್ಬೇಡ," ಎಂದಳು ಶಾಲಿನಿ. "ಗಣಪಂಗೆ ಹರಕೆ ಹೊತ್ಬುಟ್ಟಿದೀನಿ. ನಂದಂತೂ ಆಯ್ತು, ಚಿನ್ನಿಗಾದ್ರೂ ಇಲ್ದೇ ಇರ್ಲಿ, ಈಡುಗಾಯಿ ಹೊಡೀತೀನಿ ಅಂತ."

ಯಶೋಧಾ ಚಿನ್ನಿಯನ್ನು ಕಸಿದುಕೊಂಡು ಎದೆಗೆ ಅವಚಿಕೊಂಡಳು. ಅಳು ಒತ್ತರಿಸಿ ಬಂತು. ಅಳುವಿನ ನಡುವೆಯೂ ಹೊಟ್ಟೆ ಉರಿಯಿತು: ಹರಕೆಯಲ್ಲೂ ಒಳ್ಳೆಯದನ್ನು ಆರಿಸಿಕೊಂಡವಳು ಇವಳೇ.