ಎರಡು ತಾಸಿನ ದೂರ

“ಅಕ್ಕಾರ, ಅದು ಯಾವ ಡ್ಯಾಮ್ ರಿ?” ಸಾವಂತ್ರವ್ವ ವಿಮಾನದ ಕಿಟಕಿಗೆ ಹಣೆ ಒತ್ತಿಕೊಂಡೇ ಕೇಳಿದಳು.

“ಡ್ಯಾಮ್ ಅಲ್ರಿ ಸಾವಂತ್ರವ್ವಾರ, ಸಮುದ್ರ ಅದು,” ಎಂದಳು ಪಕ್ಕದ ಸೀಟಿನ ಗೌತಮಿ.

ಸಾವಂತ್ರವ್ವ ಕಂಡ ಅತಿ ದೊಡ್ಡ ನೀರೆಂದರೆ ಆಲಮಟ್ಟಿಯ ಹಿನ್ನೀರು. ಅದಕ್ಕೂ ಆಚೆ ದಂಡೆಯಿತ್ತು, ಗಿಡಗಳು ಕಾಣುತ್ತಿದ್ದವು. ಇಲ್ಲಿ ನೀರು ಹೋಗಿ ಹೋಗಿ ಆಕಾಶವೇ ಆಗಿಬಿಟ್ಟಿತ್ತು. ಸೆರಗು ಬಾಯಿಗೆ ಹಿಡಿದುಕೊಂಡು ಅವಳು ಕಿಟಕಿಗೆ ಇನ್ನಷ್ಟು ಒತ್ತಿಕೊಂಡಳು.

ಸಿಂದಗಿ ಬಸ್ ಸ್ಟ್ಯಾಂಡಿನ ಎದುರು ಗಂಡ ಧರೆಪ್ಪನ ಜೊತೆ ಮಿರ್ಚಿ ಭಜಿಯ ಗಾಡಿ ನಡೆಸುವ ಹೆಂಗಸು ಅವಳು. ಹಿಂದೊಮ್ಮೆ ಆಪರೇಶನ್ನಿಗೆಂದು ವಿಜಯಪುರಕ್ಕೆ ಹೋದಾಗ, ಅವಳದು ಸಾವಿರಾರು ಜನರಲ್ಲಿ ಒಬ್ಬರಿಗೆ ಇರುವ ಬಾಂಬೆ ಗುಂಪಿನ ರಕ್ತವೆಂದು ಗೊತ್ತಾಗಿತ್ತು. “ಬಾಂಬೆ ನೋಡೇ ಇಲ್ಲ, ರಕ್ತ ಮಾತ್ರ ಬಾಂಬೇದು,” ಎಂದು ಧರೆಪ್ಪ ನಕ್ಕಿದ್ದ.

ನಿನ್ನೆ ಕಲಬುರಗಿಯ ರಕ್ತದಾನಿಗಳ ಸಂಘದಿಂದ ಗೌತಮಿ ಫೋನು ಮಾಡಿದ್ದಳು. ಕೋಲ್ಕತ್ತಾದಲ್ಲಿ ಹಸಿ ಬಾಣಂತಿಯೊಬ್ಬಳಿಗೆ ರಕ್ತಸ್ರಾವ ಆಗಿದೆ, ಆ ಗುಂಪಿನ ರಕ್ತ ಅಲ್ಲೆಲ್ಲೂ ಸಿಗುತ್ತಿಲ್ಲ, ರೈಲಿಗೆ ಹೋದರೆ ಮುಟ್ಟುವಷ್ಟರಲ್ಲಿ ಹೊತ್ತು ಮೀರುತ್ತದೆ.

“ವಿಮಾನ ಹತ್ತಾಕ ಅಂಜಿಕಿ ಬರಂಗಿಲ್ಲೇನ ನಿನಗ?” ಎಂದು ಧರೆಪ್ಪ ಕೇಳಿದ್ದ.

“ಬರ್ತೈತಿ. ಆ ಹುಡುಗಿಗೆ ಅದಕ್ಕಿಂತ ಹೆಚ್ಚಿನ ಅಂಜಿಕಿ ಬಂದಿರತೈತಿ,” ಎಂದು ಅವಳು ಹಿಟ್ಟಿನ ಕೈ ತೊಳೆದುಕೊಂಡು ಬಸ್ ಹತ್ತಿದ್ದಳು. ಗೌತಮಿ ಕಲಬುರಗಿಯಲ್ಲಿ ಜೊತೆಗೂಡಿದ್ದಳು.

“ಇನ್ನ ಎಷ್ಟ ದೂರ ಐತ್ರಿ?”

“ಹೈದರಾಬಾದಿನಿಂದ ಒಟ್ಟ ಸಾವಿರದ ಎರಡನೂರ ಕಿಲೋಮೀಟರ್ ಮಾತು. ಎರಡ ತಾಸಿನ ದಾರಿ. ಮುಕ್ಕಾಲು ಮುಗದೈತಿ.”

“ಯವ್ವಾ! ಸಿಂದಗಿಯಿಂದ ಹೈದರಾಬಾದಿಗೆ ಬರಾಕ ರಾತ್ರಿ ಪೂರಾ ಹಿಡೀತಲ್ರಿ!” ಸಾವಂತ್ರವ್ವ ತನ್ನ ಮುಂಗೈಯ ನರವನ್ನು ಬೆರಳಿನಿಂದ ಒತ್ತಿ ನೋಡಿಕೊಂಡಳು. “ಅಕ್ಕಾರ, ಇಷ್ಟ ಮ್ಯಾಲ ಬಂದ್ರೂ ರಕ್ತ ಹಂಗ ಇರತೈತೇನ್ರಿ?”

“ಹಂಗ ಇರತೈತ್ರಿ,” ಎಂದು ಗೌತಮಿ ಅವಳ ಕೈ ಹಿಡಿದುಕೊಂಡಳು.

ಅಂದೇ ಮಧ್ಯಾಹ್ನ ಕೋಲ್ಕತ್ತಾದ ಆಸ್ಪತ್ರೆಯಲ್ಲಿ ರಕ್ತ ಕೊಟ್ಟದ್ದಾಯಿತು. ಮರುದಿನ ಬೆಳಿಗ್ಗೆ ನರ್ಸು ಇಬ್ಬರನ್ನೂ ಒಳಗೆ ಬಿಟ್ಟಳು. ಹಾಸಿಗೆಯಲ್ಲಿ ಮಲಗಿದ್ದವಳಿಗೆ ಇಪ್ಪತ್ತರ ಮೇಲೆ ವಯಸ್ಸಿರಲಿಲ್ಲ. ಪಕ್ಕದಲ್ಲಿ ಅವಳ ತಾಯಿ ನಿಂತಿದ್ದಳು. ಅವಳ ಭಾಷೆ ಸಾವಂತ್ರವ್ವನಿಗೆ ಬಾರದು, ಇವಳದು ಅವಳಿಗೆ ಬಾರದು. ಆಕೆ ಸಾವಂತ್ರವ್ವನ ತೋಳಿನ ಮೇಲಿದ್ದ ಪಟ್ಟಿಯನ್ನು ನೋಡಿ ಅಲ್ಲಿಗೇ ತನ್ನ ಹಣೆ ತಾಕಿಸಿದಳು.

ಹುಡುಗಿ ಕಣ್ಣು ಬಿಟ್ಟಳು. ಒಣಗಿದ ತುಟಿ ಅಲುಗಿತು. “ಜೋಲ್...”

ಸಾವಂತ್ರವ್ವ ಗೌತಮಿಯ ಕಡೆ ತಿರುಗಿದಳು. “ಜೋಳ ಕೇಳಾಕತ್ತಾಳಲ್ರಿ!”

“ಅವರ ಮಾತಿನ್ಯಾಗ ನೀರಿಗೆ ಹಂಗ ಅಂತಾರ್ರಿ,” ಎಂದಳು ಗೌತಮಿ.

ನರ್ಸು ಎರಡೇ ಚಮಚೆ ಎಂದು ಬೆರಳು ತೋರಿಸಿದಳು. ತಾಯಿ ಎತ್ತಿದ ಚಮಚೆ ತುಳುಕಿತು. ಸಾವಂತ್ರವ್ವ ಅದನ್ನು ಇಸಿದುಕೊಂಡು, ಬಗ್ಗಿ, ಹುಡುಗಿಯ ತುಟಿಗೆ ಹಿಡಿದಳು. ಮೊದಲ ಚಮಚೆ ಗಲ್ಲದ ಮೇಲೆ ಹರಿದುಹೋಯಿತು. ಎರಡನೆಯದು ಒಳಗೆ ಇಳಿಯಿತು. ತೆಳ್ಳನೆಯ ಆ ಗಂಟಲು ಮೆಲ್ಲಗೆ ಒಮ್ಮೆ ಏರಿ ಇಳಿಯಿತು.