ಓಕ್ಸನ್‌ಫುರ್ಟಿನ ಎರಡು ಬಟ್ಟಲು

ವ್ಯೂರ್ತ್ಸ್‌ಬುರ್ಗಿನ ಪ್ರಯೋಗಶಾಲೆಯಲ್ಲಿ ಓಟ್ಮಾರ್ ಕೆಸೆಲ್‌ರಿಂಗ್ ಹದಿಮೂರು ತಿಂಗಳಿಂದ ಒಂದೇ ಪಾಕದ ಬೆನ್ನು ಹತ್ತಿದ್ದ. ಮರದ ಅಂಟನ್ನು ಆಮ್ಲದಲ್ಲಿ ಕುದಿಸಿ ತೆಗೆದ ಹೊಸ ಸಕ್ಕರೆ ಅದು. ಫಿನೈಲ್‌ಹೈಡ್ರಜೀನ್ ಎಂಬ ಘಾಟು ಎಣ್ಣೆಯೊಡನೆ ಬೆರೆಸಿದರೆ ಹಳದಿ ಸೂಜಿಗಳಾಗಿ ತನ್ನ ಗುರುತು ಹೇಳುತ್ತಿತ್ತು. ಆದರೆ ತಾನಾಗಿ ಹರಳುಗಟ್ಟಲು ಮಾತ್ರ ಒಲ್ಲದು. ಹರಳಾಗದ ಸಕ್ಕರೆ ಶುದ್ಧವೆಂದು ಯಾರೂ ಒಪ್ಪುವುದಿಲ್ಲ. ಆ ಎಣ್ಣೆ ತಾಗಿ ತಾಗಿ ಓಟ್ಮಾರನ ಬೆರಳುಗಳ ಚರ್ಮ ಸುಲಿದು ಹೋಗಿತ್ತು.

೧೮೯೧ರ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಪಾಕದ ಅಂಚಿನಲ್ಲಿ ಬಿಳಿ ಹರಳು ಕಂಡಿತು. ಮಧ್ಯಾಹ್ನದ ಹೊತ್ತಿಗೆ ಬಟ್ಟಲು ತುಂಬಿತು. ಓಟ್ಮಾರ್ ಕೂತಲ್ಲೇ ಅತ್ತುಬಿಟ್ಟ.

ಪಕ್ಕದ ಮೇಜಿನ ಬ್ರೂನೋ ಆಲರ್ಸ್ ಅದೇ ಸಕ್ಕರೆಯನ್ನು ಹುಲ್ಲಿನಿಂದ ತೆಗೆಯಲು ವರ್ಷದಿಂದ ಹೆಣಗುತ್ತಿದ್ದ. ನಾಲ್ಕೇ ದಿನಕ್ಕೆ ಅವನ ಪಾಕವೂ ಹರಳುಗಟ್ಟಿತು. ಅವನ ಸಂತೋಷ ಓಟ್ಮಾರನಿಗೆ ಮುಳ್ಳಾಯಿತು. ಸಿದ್ಧ ಹರಳಿನ ಒಂದು ಚೂರು ಹಾಕಿದರೆ ಎಂಥ ಮೊಂಡು ಪಾಕವೂ ಹರಳುಗಟ್ಟುತ್ತದೆಂದು ಅವನಿಗೆ ಗೊತ್ತಿತ್ತು. ಅಂದು ಸಂಜೆ ಬಿಯರಿನ ಮೇಜಿನಲ್ಲಿ ಎಲ್ಲರೆದುರು ಅಂದೇಬಿಟ್ಟ: "ನನ್ನ ಸೀಸೆಯಿಂದ ಒಂದು ಚಿಟಿಕೆ ಎತ್ತಿ ಹಾಕ್ಕೊಂಡಿದ್ದೀಯ ನೀನು. ಇಲ್ಲ ಅನ್ನು ನೋಡೋಣ."

ಆಲರ್ಸ್ ಲೋಟ ಕೆಳಗಿಟ್ಟ. "ಎಂಟು ವರ್ಷದಿಂದ ಪಕ್ಕದಲ್ಲಿ ನಿಂತವನನ್ನ ಕಳ್ಳ ಅಂದ್ರಿ," ಎಂದಷ್ಟೇ ಹೇಳಿ ಎದ್ದುಹೋದ. ನೀನು ಎಂಬುದು ಅಂದಿನಿಂದ ನೀವು ಆಯಿತು.

ಸುದ್ದಿ ಪ್ರೊಫೆಸರ್ ಲಿಂಡ್‌ಹೋರ್ಸ್ಟರ ಕಿವಿಗೆ ಬಿತ್ತು. ಕಣ್ಣಿಗೆ ಕಾಣದಷ್ಟು ಹರಳಿನ ಧೂಳು ಬಿದ್ದರೂ ಪಾಕ ಹರಳುಗಟ್ಟಬಹುದೆಂದು ಅವರಿಗೆ ಅನುಮಾನವಿತ್ತು. "ನಿಮ್ಮ ಜಗಳ ನನಗೆ ಬೇಡ, ಪರೀಕ್ಷೆ ಮಾಡಿ," ಎಂದರು.

ಊರಿನ ನದಿಯ ಮೇಲ್ಭಾಗದ ಓಕ್ಸನ್‌ಫುರ್ಟ್ ಪಟ್ಟಣದಲ್ಲಿ ಗೆರ್ಲಿಂಡ್ ಎಂಬ ವಿಧವೆ ಔಷಧದಂಗಡಿ ನಡೆಸುತ್ತಿದ್ದಳು. ಪ್ರಯೋಗಶಾಲೆಯ ಹೊಸ್ತಿಲು ತುಳಿದವಳಲ್ಲ, ಹಾಗಾಗಿ ಅಲ್ಲಿನ ಧೂಳು ಅವಳ ಮನೆ ಸೇರಿರಲಿಲ್ಲ. ಪ್ರೊಫೆಸರ್ ಅಂಚೆಯಲ್ಲಿ ಕಳಿಸಿದ ವಿವರ ಓದಿಕೊಂಡು ತನ್ನದೇ ಪಾತ್ರೆಗಳಲ್ಲಿ ಹುಲ್ಲಿನ ಪಾಕ ಮಾಡಿ, ಎರಡು ಬಟ್ಟಲಿಗೆ ಹಂಚಿ, ಎರಡು ಕೋಣೆಗಳಲ್ಲಿಟ್ಟಳು. ಹನ್ನೆರಡು ದಿನ ಕಳೆದರೂ ಎರಡೂ ಜೇನಿನಂತೆ ಹಾಗೇ ಇದ್ದವು.

ಹದಿಮೂರನೆಯ ದಿನ ಓಟ್ಮಾರ್ ತನ್ನ ಕೆಲಸದ ಕೋಟು ತೊಟ್ಟೇ ಹೋದ. ಮೊದಲ ಕೋಣೆಯ ಬಟ್ಟಲಿನ ಮೇಲೆ ತೋಳು ಕೊಡವಿದ, ಎರಡನೆಯ ಕೋಣೆಗೆ ಕಾಲಿಡಲಿಲ್ಲ. ಮರುದಿನ ಬೆಳಿಗ್ಗೆ ಗೆರ್ಲಿಂಡ್ ಅವನನ್ನು ಕರೆದು ತೋರಿಸಿದಳು: ಮೊದಲನೆಯದು ಬೆಳ್ಳಗೆ ಗಟ್ಟಿಯಾಗಿತ್ತು. ಎರಡನೆಯ ಕೋಣೆಯನ್ನು ಬಾಗಿಲಲ್ಲೇ ನಿಂತು ನೋಡಿದ. ಎರಡನೆಯದು ಪಾಕವಾಗಿಯೇ ಇತ್ತು.

"ಏನಪ್ಪ, ಮುಖ ಹೀಗ್ಯಾಕೆ? ನೀನು ಗೆದ್ದೆ ತಾನೆ?" ಎಂದಳು ಅವಳು.

"ಇಲ್ಲಮ್ಮ, ಸೋತೆ. ಈ ತೋಳಿನ ಧೂಳಲ್ಲಿ ಹರಳನ್ನ ಆಲರ್ಸ್‌ನ ಬಟ್ಟಲಿಗೆ ಹಾಕಿದವನು ನಾನೇ."

ಶನಿವಾರ ಅದೇ ಬಿಯರಿನ ಮೇಜಿನಲ್ಲಿ, ಅದೇ ಜನರೆದುರು, ಓಟ್ಮಾರ್ ಎದ್ದು ನಿಂತು ತಪ್ಪೊಪ್ಪಿಕೊಂಡ. ಆಲರ್ಸ್ ತಲೆಯಾಡಿಸಿದ. "ಸರಿ, ಹೇಳಿದ್ರಲ್ಲ," ಎಂದ. ಕೈ ಮಾತ್ರ ಚಾಚಲಿಲ್ಲ.

ಬೇಸಿಗೆಯುದ್ದಕ್ಕೂ ಇಬ್ಬರೂ ಒಂದೇ ಪ್ರಬಂಧ ಬರೆದರು, ಲೆಕ್ಕ ತಾಳೆ ನೋಡಿದರು, ಬೇರೆ ಮಾತಿಲ್ಲ. ಕೇಳಿದ ಕ್ಷಮೆ ಒಳಗಿಳಿಯಲು ಎಷ್ಟು ಕಾಲ ಬೇಕೆಂದು ಅಳೆಯುವ ಗಾಜಿನ ಕೊಳವೆ ಇಲ್ಲವೆಂದು ಓಟ್ಮಾರನಿಗೆ ಅನಿಸುತ್ತಿತ್ತು. ಅಕ್ಟೋಬರ್‌ನಲ್ಲಿ ಅವನು ಸುಲಿದ ಕೈಗಳಿಗೆ ಬಟ್ಟೆ ಸುತ್ತಿಕೊಂಡೇ ಬಂದ. ಬಿಸಿ ಗಾಜಿನ ಪಾತ್ರೆ ಎತ್ತಲು ಹೋದಾಗ ಬೆರಳು ಮಡಚಲಾಗಲಿಲ್ಲ. ಪಕ್ಕದಿಂದ ಆಲರ್ಸ್ ಬಂದು ಅದನ್ನು ತೆಗೆದುಕೊಂಡ.

"ಬಿಡೋ, ನಾನು ಹಿಡೀತೀನಿ. ನೀನು ಓದಿ ಹೇಳು, ಸಾಕು."

ಓಟ್ಮಾರ್ ಥರ್ಮಾಮೀಟರಿಗೆ ಬಾಗಿದ. ಪಾದರಸದ ಗೆರೆ ಕಣ್ಣಿಗೆ ಮಂಜಾಗಿ ಕಂಡಿತು. ಎರಡು ಸಲ ನೋಡಿ ಓದಬೇಕಾಯಿತು.

ಆ ಎಣ್ಣೆ ಇನ್ನು ಮುಟ್ಟಬಾರದೆಂಬ ವೈದ್ಯರ ಮಾತಿನಂತೆ ಚಳಿಗಾಲಕ್ಕೆ ಅವನು ಪ್ರಯೋಗಶಾಲೆ ಬಿಟ್ಟು, ಬಾಂಬರ್ಗಿನ ಶಾಲೆಯೊಂದಕ್ಕೆ ಪಾಠ ಹೇಳಲು ಹೋದ. ಪ್ರಬಂಧ ಇಬ್ಬರ ಹೆಸರಿನಲ್ಲೂ ಅಚ್ಚಾಯಿತು. ಅದರ ಕೊನೆಯಲ್ಲಿ ಗೆರ್ಲಿಂಡಳಿಗೂ ಒಂದು ಸಾಲಿನ ಕೃತಜ್ಞತೆ ಇತ್ತು. ಅದನ್ನು ಸೇರಿಸಿದವನು ಆಲರ್ಸ್.